ಕಂಪ್ಯೂಟರ್ ಎಲ್ಲಿ ಕಾಯುತ್ತಿದೆ, ಮೊದಲು ಅದನ್ನು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೊಂದಲದ ಸುತ್ತ ಇವೆ. ಹೊಸದು ಕೊಳ್ಳಬೇಕಾ, ಇರುವುದನ್ನೇ ಸರಿ ಮಾಡಿಕೊಳ್ಳಬೇಕಾ? ಅಂಥ ಒಂದು ಪತ್ರದಿಂದಲೇ ಶುರು ಮಾಡೋಣ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಆರು ವರ್ಷ ಆಯ್ತು. ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಆನ್ ಮಾಡಿದರೆ ಕೆಲಸಕ್ಕೆ ಸಿಗೋಕೆ ಐದು ನಿಮಿಷ ಬೇಕು. ಬ್ರೌಸರ್ ತೆರೆದರೆ ಸುತ್ತುತ್ತಲೇ ಇರುತ್ತದೆ. "ಇದನ್ನ ಬಿಸಾಕಿ ಹೊಸದು ತಗೋಮ್ಮಾ" ಅಂತಾನೆ ಮಗ. ಏನು ಮಾಡಲಿ ಸರ್? (ಒಬ್ಬ ಶಿಕ್ಷಕಿ)

ಉತ್ತರ: ಬಿಸಾಕಬೇಡಿ ಮೇಡಂ. ನೀವು ಬರೆದಿದ್ದು ನೋಡಿದರೆ ಪ್ರೊಸೆಸರ್‌ನಲ್ಲಿ ತೊಂದರೆ ಇರುವ ಹಾಗೆ ಕಾಣುತ್ತಿಲ್ಲ. ಕಂಪ್ಯೂಟರ್ ನಿಧಾನ ಆಯ್ತು ಅಂದರೆ ಸಾಮಾನ್ಯವಾಗಿ ಅದು ಯಾವುದಕ್ಕೋ ಕಾಯುತ್ತಿದೆ ಅಂತ ಅರ್ಥ. ಯಾವುದಕ್ಕೆ ಅಂತ ಕಂಡುಹಿಡಿಯೋದು ಕಷ್ಟವಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಬ್ರೌಸರ್ ಸುತ್ತುತ್ತಿರುವಾಗಲೇ ಅಲ್ಲಿ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್ ಮೂರನ್ನೂ ಗಮನಿಸಿ. ಸಿಪಿಯು ಹತ್ತು ಹದಿನೈದು ಪರ್ಸೆಂಟ್‌ನಲ್ಲಿ ಆರಾಮಾಗಿದ್ದು, ಡಿಸ್ಕ್ 100 ಪರ್ಸೆಂಟ್ ಮುಟ್ಟಿ ಅಲ್ಲೇ ನಿಂತಿದ್ದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ. ಅದೇ ಸಾಲಿನಲ್ಲಿ ಸೆಕೆಂಡಿಗೆ ಎಷ್ಟು ಎಂಬಿ ಓದುತ್ತಿದೆ ಅಂತಲೂ ತೋರಿಸುತ್ತದೆ. ಬಹಳ ಸಲ ಅಲ್ಲಿ ಒಂದೆರಡು ಎಂಬಿ ಅಷ್ಟೇ ಇರುತ್ತದೆ. ಡಿಸ್ಕ್ ಪೂರ್ತಿ ಬಿಜಿ, ಆದರೆ ಕೆಲಸ ಆಗಿದ್ದು ಇಷ್ಟೇ ಇಷ್ಟು. ಯಾಕೆ ಹೀಗೆ?

ಹಾರ್ಡ್ ಡಿಸ್ಕ್ ಒಳಗೆ ನಿಜವಾಗಿಯೂ ತಿರುಗುವ ತಟ್ಟೆ ಇದೆ. ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಫೈಲ್ ತಟ್ಟೆಯ ಯಾವ ಭಾಗದಲ್ಲಿದೆಯೋ ಅಲ್ಲಿಗೆ ಓದುವ ಹೆಡ್ ಸರಿಯಬೇಕು, ಆಮೇಲೆ ಆ ಜಾಗ ತಿರುಗಿ ಹೆಡ್ ಕೆಳಗೆ ಬರುವವರೆಗೆ ಕಾಯಬೇಕು. ಹೀಗೆ ಅಲ್ಲೊಂದು ಇಲ್ಲೊಂದು ಇರುವ ಸಣ್ಣ ಸಣ್ಣ ತುಣುಕುಗಳನ್ನು ಓದುವಾಗ ಸೆಕೆಂಡಿಗೆ ನೂರು ಸಲ ಓದಿದರೆ ಅದೇ ದೊಡ್ಡದು. ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ಬೇಕಾಗುವುದು ಇಂಥ ಸಾವಿರಾರು ತುಣುಕುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಬರೀ ಚಿಪ್. ಅದು ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಒಂದು ದೊಡ್ಡ ವಿಡಿಯೊ ಕಾಪಿ ಮಾಡಿದರೆ ಎರಡರ ನಡುವೆ ಐದಾರು ಪಟ್ಟು ವ್ಯತ್ಯಾಸ ಕಾಣಬಹುದು. ದಿನನಿತ್ಯದ ಬಳಕೆಯಲ್ಲಿ ಸಿಗುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ಜಾಸ್ತಿ. ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿದ ಮೊದಲ ಸಲ ಅದು ಆನ್ ಆಗೋದನ್ನು ನೋಡುವ ಖುಷಿ ನನಗೆ ಇವತ್ತಿಗೂ ಹಳತಾಗಿಲ್ಲ.

ತರಿಸುವ ಮುಂಚೆ ನಿಮ್ಮ ಮಾಡೆಲ್‌ನಲ್ಲಿ ಯಾವ ಜಾಗ ಇದೆ ಅಂತ ನೋಡಿಕೊಳ್ಳಿ. ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುವ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕ್ ಕೂಡ ಬಳಸುವ ಹಳೇ ಬಗೆಯ ಸಂಪರ್ಕ) ಎಸ್‌ಎಸ್‌ಡಿ ಒಂದು ಬಗೆ, ಸೆಕೆಂಡಿಗೆ ಸುಮಾರು 550 ಎಂಬಿ ವೇಗ. ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಇನ್ನೊಂದು. ಇದರಲ್ಲಿ ಹುಷಾರಾಗಿರಬೇಕು. ಎಂ.2 ಅನ್ನೋದು ಆಕಾರ ಮಾತ್ರ. ಅದರೊಳಗೆ ಸಾಟಾ ಇರಬಹುದು, ಅದಕ್ಕಿಂತ ವೇಗದ ಹೊಸ ಸಂಪರ್ಕ ಎನ್‌ವಿಎಂಇ ಇರಬಹುದು. ಎನ್‌ವಿಎಂಇಯಲ್ಲಿ 3500 ಎಂಬಿ, 7000 ಎಂಬಿ ಅಂತ ದೊಡ್ಡ ದೊಡ್ಡ ಸಂಖ್ಯೆ ಬರೆದಿರುತ್ತಾರೆ. ನಿಮ್ಮ ಕೆಲಸಕ್ಕೆ ಸಾಟಾ ಆದರೂ ಸಾಕು. ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಸಿಗುವ ಬದಲಾವಣೆಯ ಮುಂದೆ ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಸಿಗುವುದು ತುಂಬಾ ಕಮ್ಮಿ.

ಇನ್ನು ರ‍್ಯಾಮ್. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಡುವ ಅಭ್ಯಾಸ ಇದ್ದರೆ 8 ಜಿಬಿ ತುಂಬಿಹೋಗುತ್ತದೆ. ಆಗ ವಿಂಡೋಸ್ ಉಳಿದಿದ್ದನ್ನು ಡಿಸ್ಕ್‌ಗೆ ತಳ್ಳುತ್ತದೆ, ಮತ್ತೆ ಅದೇ ತಟ್ಟೆಗೆ ಕಾಯುವ ಕಥೆ. ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 8 ಜಿಬಿ ಹಾಕಿಸಿ. ಇದಲ್ಲದೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಭಾಗ) ಬೇಕು. ಆರು ವರ್ಷದ ಹಿಂದಿನ ಐ5ನಲ್ಲಿ ಎರಡೂ ಇರುವ ಸಾಧ್ಯತೆಯೇ ಜಾಸ್ತಿ. 'ನಿಮ್ಮ ಕಂಪ್ಯೂಟರ್‌ಗೆ ಆಗಲ್ಲ' ಅಂತ ತೋರಿಸಿದರೂ ಒಮ್ಮೆ ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್‌ನಲ್ಲಿ ಟಿಪಿಎಂ ಆಫ್ ಆಗಿದೆಯಾ ಅಂತ ನೋಡಿ, ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ ಅನ್ನುವ ಹೆಸರಿನಲ್ಲೂ ಇರುತ್ತದೆ. ನಿಜಕ್ಕೂ ಆಗದೇ ಇದ್ದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಇದೆ. ಬ್ರೌಸರ್, ಇಮೇಲ್, ಪ್ರಶ್ನೆಪತ್ರಿಕೆ ಟೈಪ್ ಮಾಡುವ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ.

ಬಿಚ್ಚುವ ಮುಂಚೆ ಎಲ್ಲದರ ಬ್ಯಾಕಪ್ ತೆಗೆದಿಡಿ. ಇದೊಂದನ್ನು ಮಾತ್ರ ದಯವಿಟ್ಟು ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: 512 ಜಿಬಿ ಎಸ್‌ಎಸ್‌ಡಿ ಅಂತ ತಗೊಂಡೆ. ಕಂಪ್ಯೂಟರ್ 476 ಜಿಬಿ ತೋರಿಸುತ್ತಿದೆ. ಮೋಸ ಹೋದೆನಾ?

ಉತ್ತರ: ಇಲ್ಲ. ಪೂರ್ತಿ 512 ಜಿಬಿಯೇ ಇದೆ. ತಯಾರಕರು ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅದಕ್ಕೆ ಒಂದು ಜಿಬಿ ಅಂದರೆ 107 ಕೋಟಿ ಚಿಲ್ಲರೆ ಬೈಟ್. ಭಾಗಿಸಿ ನೋಡಿದರೆ ಸರಿಯಾಗಿ 476 ಚಿಲ್ಲರೆ ಬರುತ್ತದೆ. 1 ಟಿಬಿ ತಗೊಂಡಿದ್ದರೆ 931 ಕಾಣುತ್ತಿತ್ತು.

ಪ್ರಶ್ನೆ: ಲ್ಯಾಪ್‌ಟಾಪನ್ನು ಇಡೀ ದಿನ ಚಾರ್ಜರ್‌ಗೆ ಹಾಕಿಯೇ ಕೆಲಸ ಮಾಡುತ್ತೇನೆ. ಬ್ಯಾಟರಿ ಹಾಳಾಗುತ್ತದೆ, ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಬೇಕು ಅಂತ ಸ್ನೇಹಿತರು ಹೇಳುತ್ತಾರೆ. ನಿಜವಾ?

ಉತ್ತರ: ಅರ್ಧ ನಿಜ. ಪೂರ್ತಿ ಖಾಲಿ ಮಾಡುವ ಸಲಹೆ ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ ಅಯಾನ್‌ಗೆ ಅದು ಬೇಕಾಗಿಲ್ಲ, ಸೊನ್ನೆಗೆ ಇಳಿಸುವುದು ಅದಕ್ಕೆ ಒಳ್ಳೆಯದೂ ಅಲ್ಲ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಈ ಬ್ಯಾಟರಿ ಇಲ್ಲದೆ ಇವತ್ತಿನ ಫೋನೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ. ಇದಕ್ಕೆ ಕಾರಣರಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಎಷ್ಟೋ ತಡವಾಗಿ ಬಂದ ಗೌರವ ಅದು ಅನ್ನೋದು ನನ್ನ ಅನಿಸಿಕೆ.

ಚಾರ್ಜರ್ ಹಾಕಿಟ್ಟರೆ ಓವರ್‌ಚಾರ್ಜ್ ಆಗುವುದಿಲ್ಲ, ಒಳಗಿನ ಸರ್ಕ್ಯೂಟ್ ನಿಲ್ಲಿಸುತ್ತದೆ. ಆದರೆ ಯಾವಾಗಲೂ 100 ಪರ್ಸೆಂಟ್‌ನಲ್ಲಿ ಕೂತಿರುವುದು, ಅದರ ಜೊತೆಗೆ ಬಿಸಿ, ಇವೆರಡೂ ಸೇರಿದರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ 80 ಪರ್ಸೆಂಟ್‌ಗೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿ, ಪ್ರಯಾಣದ ಹಿಂದಿನ ದಿನ ಮಾತ್ರ ತೆಗೆಯಿರಿ. ಹಾಸಿಗೆ, ದಿಂಬಿನ ಮೇಲಿಟ್ಟು ಗಾಳಿ ಹೋಗುವ ದಾರಿ ಮುಚ್ಚಬೇಡಿ. ಇನ್ನೊಂದು ಮುಖ್ಯವಾದ ಮಾತು: ಟಚ್‌ಪ್ಯಾಡ್ ಒತ್ತಿದಾಗ ಮೊದಲಿನಷ್ಟು ಒಳಗೆ ಹೋಗುತ್ತಿಲ್ಲ, ಅಥವಾ ಕೆಳಗಿನ ಕವರ್ ಸ್ವಲ್ಪ ಉಬ್ಬಿದ ಹಾಗಿದೆ ಅನ್ನಿಸಿದರೆ ಬ್ಯಾಟರಿ ಊದಿಕೊಂಡಿರಬಹುದು. ಅಂಥ ಲ್ಯಾಪ್‌ಟಾಪ್ ಚಾರ್ಜ್ ಮಾಡಲೇಬೇಡಿ. ಚುಚ್ಚುವುದು, ಒತ್ತುವುದು ಬೇಡ. ಬೆಂಕಿ ಹತ್ತಿಕೊಳ್ಳಬಹುದು. ರಿಪೇರಿಯವರ ಕೈಗೆ ಕೊಡಿ.

ಪ್ರಶ್ನೆ: ಮನೆಯಲ್ಲಿ ನಾಲ್ಕೈದು ಟೈಪ್-ಸಿ ಕೇಬಲ್ ಇವೆ. ಒಂದರಲ್ಲಿ ಫೋನ್ ಬೇಗ ಚಾರ್ಜ್ ಆಗುತ್ತದೆ, ಒಂದರಲ್ಲಿ ಆಗಲ್ಲ. ಇನ್ನೊಂದರಲ್ಲಿ ಮಾನಿಟರ್ ಬರುವುದೇ ಇಲ್ಲ. ನೋಡೋಕೆ ಎಲ್ಲ ಒಂದೇ ಥರ ಇವೆಯಲ್ಲ?

ಉತ್ತರ: ಈ ವಿಷಯಕ್ಕೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಟೈಪ್-ಸಿ ಅಂದರೆ ತುದಿಯ ಆಕಾರ ಅಷ್ಟೇ. ಒಳಗಿನ ವೈರ್ ಎಷ್ಟಿದೆ, ಏನನ್ನು ಸಾಗಿಸುತ್ತದೆ ಅನ್ನೋದು ಬೇರೆಯೇ ವಿಷಯ. ಫೋನ್ ಜೊತೆ ಬರುವ ಹೆಚ್ಚಿನ ಕೇಬಲ್‌ಗಳು ಯುಎಸ್‌ಬಿ 2.0 ವೇಗದವು, ಸೆಕೆಂಡಿಗೆ 480 ಮೆಗಾಬಿಟ್. ಆ ವೇಗ 2000ದಲ್ಲಿ ಬಂದದ್ದು! ಅದೇ ಆಕಾರದ ಯುಎಸ್‌ಬಿ 4 ಕೇಬಲ್‌ನಲ್ಲಿ ಇನ್ನೂ ಜಾಸ್ತಿ ವೈರ್ ಇರುತ್ತವೆ, ಅದು 40 ಗಿಗಾಬಿಟ್ ಸಾಗಿಸಬಲ್ಲದು. ಮಾನಿಟರ್ ಬರಬೇಕಾದರೆ ಆ ಹೆಚ್ಚುವರಿ ವೈರ್‌ಗಳು ಇರಲೇಬೇಕು. ಚಾರ್ಜಿಂಗ್‌ದೂ ಹೀಗೆಯೇ. ಸಾದಾ ಕೇಬಲ್ 60 ವ್ಯಾಟ್‌ವರೆಗೆ. ಅದಕ್ಕಿಂತ ಜಾಸ್ತಿ ಬೇಕಾದರೆ ತುದಿಯಲ್ಲಿ ಒಂದು ಪುಟ್ಟ ಚಿಪ್ ಇರಬೇಕು, ತಾನು ಎಷ್ಟು ತಡೆಯಬಲ್ಲೆ ಅಂತ ಚಾರ್ಜರ್‌ಗೆ ಹೇಳುವುದು ಅದೇ. 2021ರ ಯುಎಸ್‌ಬಿ ನಿಯಮದಲ್ಲಿ ಈ ಮಿತಿ 240 ವ್ಯಾಟ್‌ವರೆಗೆ ಏರಿದೆ. ಕೇಬಲ್ ಅಷ್ಟೇ ಅಲ್ಲ, ಪೋರ್ಟ್‌ನಲ್ಲೂ ಇದೇ ಪಾಡು. 2023ರ ಐಫೋನ್ 15ರಲ್ಲಿ ಟೈಪ್-ಸಿ ಬಂತು, ಆದರೆ ಪ್ರೊ ಅಲ್ಲದ ಮಾಡೆಲ್‌ಗಳಲ್ಲಿ ವೇಗ ಯುಎಸ್‌ಬಿ 2.0ದ್ದೇ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆಲ್ಲ ಟೈಪ್-ಸಿ ಕಡ್ಡಾಯ ಮಾಡಿದ್ದು ತುಂಬಾ ಒಳ್ಳೆಯ ಕೆಲಸ. ಅದರ ಜೊತೆಗೆ ಪ್ರತಿ ಕೇಬಲ್ ಮೇಲೂ ವೇಗ, ವ್ಯಾಟ್ ಎರಡನ್ನೂ ಅಚ್ಚು ಹಾಕಲೇಬೇಕು ಅಂತ ಎಲ್ಲ ಕಡೆ ಆಗಬೇಕು.

ಅಲ್ಲಿಯವರೆಗೆ ನೀವೇ ಒಂದೊಂದನ್ನೂ ಹಾಕಿ ನೋಡಿ, ಸಣ್ಣ ಚೀಟಿ ಅಂಟಿಸಿಟ್ಟುಕೊಳ್ಳಿ.

ಪ್ರಶ್ನೆ: ಈಗ ಎಲ್ಲ ಹೊಸ ಲ್ಯಾಪ್‌ಟಾಪ್‌ನಲ್ಲೂ ಎಐ, ಎನ್‌ಪಿಯು ಅಂತ ಇದೆ. ಎನ್‌ಪಿಯು ಇಲ್ಲದ್ದು ತಗೊಂಡರೆ ಎರಡು ವರ್ಷಕ್ಕೆ ಹಳತಾಗುತ್ತದಾ? ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ, ಭಾಷಾ ಮಾದರಿಗಳನ್ನು (ಚಾಟ್‌ಬಾಟ್‌ಗಳ ಹಿಂದಿರುವ ಎಐ) ನನ್ನ ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವ ಆಸೆಯೂ ಇದೆ.

ಉತ್ತರ: ಆಸೆ ಒಳ್ಳೆಯದು, ಖಂಡಿತ ಮಾಡಿ. ಎನ್‌ಪಿಯು ಅಂದರೆ ಎಐಗೆ ಬೇಕಾಗುವ ಗುಣಾಕಾರ, ಕೂಡುವಿಕೆಗಳನ್ನು ಕಮ್ಮಿ ಬ್ಯಾಟರಿಯಲ್ಲಿ ಮಾಡುವ ಭಾಗ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಪಿಸಿ ಅಂತ ಘೋಷಿಸಿದಾಗ, ಆ ಹೆಸರು ಬೇಕಾದರೆ ಎನ್‌ಪಿಯು 40 ಟಾಪ್ಸ್ ಇರಬೇಕು, ಅಂದರೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ, ಅಂತ ಷರತ್ತು ಹಾಕಿತು. ವಿಡಿಯೊ ಕಾಲ್‌ನಲ್ಲಿ ಹಿನ್ನೆಲೆ ಮಸುಕು ಮಾಡುವುದು, ಮಾತನ್ನು ಆಗಲೇ ಅಕ್ಷರಕ್ಕಿಳಿಸುವುದು, ಇಂಥದ್ದಕ್ಕೆ ಅದು ಉಪಯೋಗ. ನೀವು ಬ್ರೌಸರ್‌ನಲ್ಲಿ ಬಳಸುವ ಚಾಟ್‌ಬಾಟ್‌ಗಳು ದೂರದ ಡೇಟಾ ಸೆಂಟರ್‌ನಲ್ಲಿ ಓಡುತ್ತವೆ, ಅದಕ್ಕೆ ನಿಮ್ಮ ಎನ್‌ಪಿಯು ಬೇಕಿಲ್ಲ.

ನನಗೆ ಆ ಷರತ್ತುಗಳಲ್ಲಿ ಇಷ್ಟವಾದದ್ದು 40 ಟಾಪ್ಸ್ ಅಲ್ಲ, ಕನಿಷ್ಠ 16 ಜಿಬಿ ರ‍್ಯಾಮ್ ಇರಬೇಕು ಅಂದದ್ದು. ಯಾಕೆ ಅಂತ ಲೆಕ್ಕ ಹಾಕಿ ನೋಡಿ. 800 ಕೋಟಿ ಪ್ಯಾರಾಮೀಟರ್ (ಮಾದರಿ ಕಲಿತದ್ದನ್ನು ಹಿಡಿದಿಡುವ ಸಂಖ್ಯೆ) ಇರುವ ಒಂದು ಮಾದರಿ ತಗೊಳ್ಳಿ. ಒಂದೊಂದು ಪ್ಯಾರಾಮೀಟರನ್ನೂ 4 ಬಿಟ್‌ಗೆ ಕುಗ್ಗಿಸಿದರೂ ಮಾದರಿ 4 ಜಿಬಿ ಆಗುತ್ತದೆ. ಒಂದೊಂದು ಪದದ ತುಣುಕು ಹೊರಗೆ ಬರಬೇಕಾದರೂ ಆ 4 ಜಿಬಿ ಪೂರ್ತಿ ಮೆಮೊರಿಯಿಂದ ಪ್ರೊಸೆಸರ್‌ಗೆ ಹಾದುಹೋಗಬೇಕು. ಡಿಡಿಆರ್5-5600 ರ‍್ಯಾಮ್ ಎರಡು ಕಡ್ಡಿ ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 90 ಜಿಬಿ ಸಾಗುತ್ತದೆ. ಭಾಗಿಸಿದರೆ ಸೆಕೆಂಡಿಗೆ ಇಪ್ಪತ್ತೆರಡು ತುಣುಕು, ಅದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ, ಎನ್‌ಪಿಯು ಎಷ್ಟೇ ದೊಡ್ಡದಿರಲಿ. ಒಂದೇ ಕಡ್ಡಿ ಹಾಕಿದ್ದರೆ ಅದರಲ್ಲೂ ಅರ್ಧ. ಮೊದಲ ಪತ್ರದ ಲ್ಯಾಪ್‌ಟಾಪ್ ಡಿಸ್ಕ್‌ಗೆ ಕಾಯುತ್ತಿತ್ತು, ಇದು ಮೆಮೊರಿಗೆ ಕಾಯುತ್ತದೆ. ಹಾಗಾಗಿ ನೀವು ಮೊದಲು 32 ಜಿಬಿ ರ‍್ಯಾಮ್ ಕಡೆ ಗಮನ ಕೊಡಿ, ಬೋರ್ಡ್‌ಗೆ ಬೆಸುಗೆ ಹಾಕಿದ ಮಾಡೆಲ್ ಆದರೆ ಕೊಳ್ಳುವಾಗಲೇ ಅಷ್ಟು ಇರಬೇಕು, ಆಮೇಲೆ ಹಾಕಿಸೋಕೆ ಆಗಲ್ಲ. ಮಾದರಿ ಪೂರ್ತಿ ಹಿಡಿಸುವಷ್ಟು ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಮೆಮೊರಿ ಎಷ್ಟೋ ಪಟ್ಟು ವೇಗದ್ದು. ಎನ್‌ಪಿಯು ಇದ್ದರೆ ಇರಲಿ.

ಪ್ರಶ್ನೆ: 200 ಮೆಗಾಪಿಕ್ಸೆಲ್ ಫೋನ್ ಕ್ಯಾಮೆರಾ 50ಕ್ಕಿಂತ ನಾಲ್ಕು ಪಟ್ಟು ಚೆನ್ನಾಗಿರುತ್ತದಾ?

ಉತ್ತರ: ಇಲ್ಲ. ಕತ್ತಲಿದ್ದಾಗ ಆ ಸೆನ್ಸರ್ 16 ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಸೆನ್ಸರ್ ಗಾತ್ರ ಎಷ್ಟು, ಲೆನ್ಸ್ ಎಂಥದ್ದು ಅಂತ ನೋಡಿ.

ಪ್ರಶ್ನೆ: ಇಷ್ಟು ವರ್ಷದಿಂದ ಇದನ್ನೆಲ್ಲ ನೋಡುತ್ತಿದ್ದೀರಿ. ಹೊಸ ಗ್ಯಾಜೆಟ್ ಬಂದರೆ ಈಗಲೂ ಉತ್ಸಾಹ ಇದೆಯಾ? ಎಲ್ಲವೂ ಒಂದೇ ಥರ ಅನ್ನಿಸಲ್ವಾ?

ಉತ್ತರ: ಇದೆ, ಚೆನ್ನಾಗಿಯೇ ಇದೆ. ಫೋನ್‌ಗಳು ಒಂದನ್ನೊಂದು ಹೋಲುತ್ತವೆ ಅನ್ನೋದನ್ನು ಒಪ್ಪುತ್ತೇನೆ. ಆದರೆ 2020ರ ನವೆಂಬರ್‌ನಲ್ಲಿ ಆಪಲ್ ಎಂ1 ಚಿಪ್ ಬಂದಾಗ, ಫ್ಯಾನೇ ಇಲ್ಲದ ತೆಳ್ಳಗಿನ ಲ್ಯಾಪ್‌ಟಾಪ್ ಸದ್ದಿಲ್ಲದೆ ವಿಡಿಯೊ ಎಡಿಟ್ ಮಾಡಿದ್ದು ನೋಡಿ ರೋಮಾಂಚನ ಆಗಿತ್ತು. 2021ರಲ್ಲಿ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಬಂದಾಗ ಅದಕ್ಕಿಂತ ಜಾಸ್ತಿ ಖುಷಿಪಟ್ಟೆ. ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ, ಪರದೆ, ಪೋರ್ಟ್, ಕೊನೆಗೆ ಪ್ರೊಸೆಸರ್ ಇರುವ ಮದರ್‌ಬೋರ್ಡ್ ಕೂಡ ಒಂದೇ ಸ್ಕ್ರೂ ಡ್ರೈವರ್‌ನಲ್ಲಿ ಬಿಚ್ಚಿ ಬದಲಾಯಿಸಬಹುದು ಅಂದರೆ ಅದೇ ನಾನು ಕಾಯುತ್ತಿದ್ದ ಕಂಪ್ಯೂಟರ್. ಫೋನ್‌ಗಳಲ್ಲೂ ಒಳ್ಳೆಯ ಬದಲಾವಣೆ ಆಗುತ್ತಿದೆ. 2023ರ ಪಿಕ್ಸೆಲ್ 8ಕ್ಕೆ, 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ತಯಾರಕರು ಹೇಳಿದ್ದಾರೆ. ಮಡಚುವ ಪರದೆಗಿಂತ ಇದು ನನಗೆ ದೊಡ್ಡ ಸುದ್ದಿ. ಯುರೋಪಿನಲ್ಲಿ 2027ರ ಫೆಬ್ರುವರಿಯಿಂದ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಅನ್ನುವ ನಿಯಮವೂ ಬರುತ್ತಿದೆ. ಅದರಲ್ಲಿ ವಿನಾಯಿತಿಗಳಿವೆ, ಆದರೂ ಯಾವ ತಯಾರಕರು ಮನಸ್ಸಿಟ್ಟು ಮಾಡುತ್ತಾರೆ ಅಂತ ನೋಡೋಕೆ ಕಾಯುತ್ತಿದ್ದೇನೆ.

ಪ್ರಶ್ನೆ ಕಳಿಸುವವರು ಲ್ಯಾಪ್‌ಟಾಪ್ ಆದರೆ ಕೆಳಗೆ ಅಂಟಿಸಿರುವ ಪೂರ್ತಿ ಮಾಡೆಲ್ ನಂಬರ್, ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು ಅಂತ ಬರೆಯಿರಿ. ಟಾಸ್ಕ್ ಮ್ಯಾನೇಜರ್ ಏನು ತೋರಿಸಿತು ಅಂತಲೂ ಸೇರಿಸಿದರೆ ಉತ್ತರ ಹೇಳೋದು ಸುಲಭವಾಗುತ್ತದೆ.