ಹನ್ನೊಂದನೇ ಪುಟ ನನ್ನ ಹತ್ತಿರವೇ ಇದೆ

ನಮಸ್ಕಾರ.

ನಿಮ್ಮ ‘ಜೋಗಿಮಟ್ಟಿಯ ಮಡಿಲಲ್ಲಿ’ ಲೇಖನ ಬಂದು ಮೂರು ವಾರ ಆಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕೊನೆಯವರೆಗೆ ಕಾಯಿಸಿ ಹೇಳುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಹದಿನಾಲ್ಕು ಪುಟಗಳಲ್ಲಿ ಒಂದು ಪುಟ ನನ್ನನ್ನು ಬಿಡಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಶುರುವಿನ ಎರಡು ಪುಟ ತೆಗೆದುಬಿಡಿ. ‘ಹಚ್ಚಹಸಿರಿನ ಗಿರಿಶ್ರೇಣಿ’, ‘ಜುಳುಜುಳು ಹರಿಯುವ ಝರಿ’ ಅಂತೆಲ್ಲ ಬರೆದಿದ್ದೀರಿ. ಇದು ಯಾವ ಊರಮ್ಮಾ? ಆಗುಂಬೆಗೆ ಹೋಗಿ ಬಂದವರು ಬರೆದ ಹಾಗಿದೆ. ನಿಮ್ಮೂರು ಚಿತ್ರದುರ್ಗದ ಪಕ್ಕ. ಫಾಲ್ಗುಣ ಬಂತೆಂದರೆ ಜೋಗಿಮಟ್ಟಿ ಬೆಟ್ಟ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಂಡೆ ಕಾದು ರಾತ್ರಿ ಎಂಟರವರೆಗೂ ಬಿಸಿ ಇರುತ್ತದೆ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಗುಂಯ್ ಅನ್ನುತ್ತವೆ. ಅವು ನಿಮ್ಮ ಲೇಖನದಲ್ಲಿ ಒಂದು ಕಡೆಯೂ ಇಲ್ಲ. ಬೆಟ್ಟ ಅಂದ ತಕ್ಷಣ ಮಲೆನಾಡಿನ ಮಾತು ಸಾಲ ತರಬೇಕಾಗಿಲ್ಲ. ‘ಬಯಲುಸೀಮೆಯ ಊಟಿ’ ಅನ್ನುವುದನ್ನೂ ಹೊಡೆದುಹಾಕಿದ್ದೇನೆ. ಅದು ಲಾಡ್ಜ್ ಬೋರ್ಡಿಗೆ ಸರಿ.

ಮೂರರಿಂದ ಹತ್ತನೇ ಪುಟದವರೆಗೆ ಇತಿಹಾಸ. ಏಳು ಸುತ್ತಿನ ಕೋಟೆ, ಮದಕರಿನಾಯಕ, ಹೈದರಾಲಿ, 1779, ಓಬವ್ವ. ತಪ್ಪೇನೂ ಬರೆದಿಲ್ಲ. ಆದರೆ ದುರ್ಗದ ಯಾವ ಹುಡುಗನನ್ನು ನಿಲ್ಲಿಸಿ ಕೇಳಿದರೂ ಇಷ್ಟು ಹೇಳುತ್ತಾನೆ ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮೊದಲ ಲೇಖನದಲ್ಲಿ ‘ವೀರಭೂಮಿ’ ಅನ್ನುವ ಪದ ಹನ್ನೆರಡು ಸಲ ಇತ್ತು. ಅವತ್ತಿನ ಸಂಪಾದಕರು ಎಣಿಸಿ ಬರೆದು ಕಳಿಸಿದ್ದರು.

ಹನ್ನೊಂದನೇ ಪುಟಕ್ಕೆ ಬರುತ್ತೇನೆ. ಬಾವಿ ಬತ್ತಿದ ವರ್ಷ ನಿಮ್ಮಜ್ಜಿ ನಸುಕಿಗೇ ಎದ್ದು ಹಳ್ಳದ ಒರತೆಗೆ ಹೋಗುತ್ತಿದ್ದರು ಅಂತ ಬರೆದಿದ್ದೀರಿ. ರಾತ್ರಿಯೇ ಕೊಡಗಳ ಸಾಲು. ಯಾರದ್ದು ಯಾವುದು ಎಂದು ತಿಳಿಯಲಿ ಅಂತ ಅಜ್ಜಿಯ ಕೊಡದ ಕಂಠಕ್ಕೆ ಕೆಂಪು ಸೀರೆಯ ಚೂರು. ಮರಳಿನ ಗುಂಡಿಯಲ್ಲಿ ನೀರು ಊರುವವರೆಗೆ ಕುಕ್ಕರಗಾಲಲ್ಲಿ ಕೂತು, ಚೆಂಬಿನಿಂದ ಬಳಿದು ಬಳಿದು ತುಂಬಿಸುವುದು. ಚೆಂಬು ತಳಕ್ಕೆ ತಾಗಿದಾಗ ಬರುವ ‘ಕರ್’ ಎನ್ನುವ ಸದ್ದು. ಆ ಒಂದು ಸದ್ದಿಗೆ ನಿಮ್ಮ ಇಡೀ ಕೋಟೆಯನ್ನು ಕೊಡುತ್ತೇನೆ ನೋಡಿ.

ಅದಾದ ಮೇಲೆ ಏನು ಮಾಡಿದಿರಿ? ‘ಇರಲಿ, ಇದು ಸಾಮಾನ್ಯರ ಮಾತು, ಮತ್ತೆ ಇತಿಹಾಸಕ್ಕೆ ಬರೋಣ’ ಅಂದುಬಿಟ್ಟಿರಿ! ಇಲ್ಲೇ ನನಗೂ ನಿಮಗೂ ಜಗಳ.

ಚಂದ್ರವಳ್ಳಿಗೆ ಹೋಗಿದ್ದೀರಲ್ಲ. ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ಮೂರೇ ಸಾಲು. ಅದರಲ್ಲಿ ತಾನು ಗೆದ್ದವರ ಹೆಸರಿದೆ, ನಿಜ. ಆದರೆ ಆ ಬಂಡೆಗೆ ಉಳಿ ಹಾಕಿಸಿದ್ದು ಯಾತಕ್ಕೆ? ಅಲ್ಲೊಂದು ಕೆರೆ ಕಟ್ಟಿಸಿದ್ದನ್ನು ಹೇಳುವುದಕ್ಕೆ. ಓಬವ್ವನನ್ನೇ ತಗೊಳ್ಳಿ. ಗಂಡ ಕಾವಲಿನಿಂದ ಊಟಕ್ಕೆ ಬಂದಿದ್ದಾನೆ, ಇವಳು ನೀರು ತರಲು ಹೋಗಿದ್ದಾಳೆ, ಆಗ ಕಿಂಡಿಯ ಆಚೆ ಸದ್ದು ಕೇಳಿಸುತ್ತದೆ. ಒನಕೆ ಬಂದಿದ್ದು ಆಮೇಲೆ, ಮೊದಲು ಕೈಲಿದ್ದದ್ದು ಕೊಡ. ಕೋಟೆ ಒಳಗೂ ಅಷ್ಟೇ. ಮೇಲಿನ ಗುಡ್ಡದ ಮಳೆ ನೀರು ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಹಾಗೇ ಇಳಿದು ಇಳಿದು ಊರೊಳಗಿನ ಸಂತೆಹೊಂಡಕ್ಕೆ. ಒಂದು ಹನಿಯನ್ನೂ ಸುಮ್ನೆ ಬಿಟ್ಟವರಲ್ಲ. ನಿಮ್ಮಜ್ಜಿ ಚೆಂಬು ಹಿಡಿದು ಕೂತಿದ್ದು ಇದೇ ಸಾಲಿನಲ್ಲಿ. ಅವರನ್ನು ಪಕ್ಕಕ್ಕೆ ಕೂರಿಸಿ ಇತಿಹಾಸಕ್ಕೆ ಹೋಗುತ್ತೇನೆ ಅಂದರೆ ಎಲ್ಲಿಗೆ ಹೋಗುತ್ತೀರಿ?

ಇನ್ನು ಎರಡು ತಕರಾರು.

ವಾಣಿವಿಲಾಸ ಸಾಗರ ‘ಪ್ರತಿ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ’ ಎಂದಿದ್ದೀರಿ. ಇದನ್ನು ಹಿರಿಯೂರಿನವರು ಓದಿದರೆ ನನ್ನ ಆಫೀಸಿಗೇ ಬರುತ್ತಾರೆ. ವಾಣಿವಿಲಾಸ ಅಂದರೆ ಮಾರಿಕಣಿವೆ ಕಟ್ಟೆಯೇ, ಅದು ಮುಗಿದದ್ದು 1907ರಲ್ಲಿ. ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 2022ರಲ್ಲೇ. ನಡುವೆ 89 ವರ್ಷ! ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ಕೋಡಿ ಮಾತ್ರ ನೋಡದೆ ಹೋದವರು ಎಷ್ಟು ಜನ. 2022ರಲ್ಲಿ ಅಜ್ಜಿ ಟ್ರ್ಯಾಕ್ಟರ್ ಹತ್ತಿ ಕೋಡಿ ನೋಡಲು ಹೋದರು ಅಂತ ನೀವೇ ಹದಿಮೂರನೇ ಪುಟದಲ್ಲಿ ಒಂದು ಸಾಲು ಬರೆದಿದ್ದೀರಿ. ಒಂದೇ ಸಾಲು! ಒರತೆ ನೀರು ಬಳಿದ ಮುದುಕಿ ಅಷ್ಟು ನೀರಿನ ಮುಂದೆ ನಿಂತು ಏನಂದರು? ಏನೂ ಅನ್ನಲಿಲ್ಲವಾ? ಸೆರಗಿನ ತುದಿ ಅದ್ದಿ ನೋಡಿದರಾ? ಕೇಳಿ ಬರೆಯಿರಿ. ಅವರು ಹೇಳಿದ್ದನ್ನು ಮಾತ್ರ ಬರೆಯಿರಿ, ನನ್ನ ಸೆರಗಿನ ಕಥೆ ಸೇರಿಸಬೇಡಿ.

ಎರಡನೆಯದು ಸೀತಾಫಲ. ಒರತೆಯ ಹತ್ತಿರ ಕಾಯುತ್ತಾ ಸೀತಾಫಲ ತಿಂದು, ಬೀಜ ಉಗುಳುತ್ತಾ ಕೂತಿರುತ್ತಿದ್ದರು ಅಂತ ಇದೆ. ಚೆನ್ನಾಗಿದೆ, ಆದರೆ ಲೆಕ್ಕ ಕೂಡುತ್ತಿಲ್ಲ. ಒರತೆ ತೋಡುವುದು ಬೇಸಿಗೆಯಲ್ಲಿ. ನಮ್ಮ ಗುಡ್ಡದ ಸೀತಾಫಲ ಕಣ್ಣು ಬಿಡುವುದು ಮಹಾನವಮಿ ಹತ್ತಿರ. ನೀವು ಎರಡು ನೆನಪುಗಳನ್ನು ಒಂದೇ ಕಡೆ ಹೊಲಿದಿರಬಹುದು. ಅಥವಾ ಆ ವರ್ಷ ಮಳೆಯೇ ಕೈಕೊಟ್ಟು, ಹಣ್ಣಿನ ಕಾಲದಲ್ಲೂ ಒರತೆಗೇ ಹೋಗಬೇಕಾಯಿತೇ? ಹಾಗಿದ್ದರೆ ಲೇಖನ ಅಲ್ಲಿಂದಲೇ ಶುರುವಾಗಬೇಕು.

ಆರು ಪುಟ ಸಾಕು. ಹಳ್ಳದ ಹೆಸರು, ಒರತೆ ಎಷ್ಟು ಮೊಳ ಆಳ ಇತ್ತು, ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕಿತ್ತು ಎಂದು ಅಜ್ಜಿಯ ಬಾಯಿಂದಲೇ ಕೇಳಿಕೊಳ್ಳಿ. ಅವಸರ ಬೇಡ, ದೀಪಾವಳಿ ಕಳೆದ ಮೇಲೆ ಕಳಿಸಿದರೂ ಸರಿ.

ಹದಿಮೂರು ಪುಟ ಇದರ ಜೊತೆ ವಾಪಸ್ ಕಳಿಸಿದ್ದೇನೆ. ಹನ್ನೊಂದನೆಯದು ನನ್ನ ಮೇಜಿನ ಮೇಲಿದೆ. ಅದರ ಪ್ರತಿ ನಿಮ್ಮಲ್ಲಿ ಇಲ್ಲದಿದ್ದರೆ ತಿಳಿಸಿ, ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ.