ಹುಡುಗನಿಗೆ ಹದಿನೈದು, ಅಂಗಡಿ ಕೆಲಸಕ್ಕೆ ಕಳಿಸಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಮಕ್ಕಳ ಕೆಲಸದ ಬಗ್ಗೆಯೇ ಇವೆ. ಪರೀಕ್ಷೆ ಮುಗಿದು ರಜೆ ಶುರುವಾಗಿದೆ, ಇದು ಬರುವುದೇ. ಕಾರ್ಮಿಕ ಇಲಾಖೆಯಲ್ಲಿ ನಿರೀಕ್ಷಕಿಯಾಗಿದ್ದು ನಿವೃತ್ತಳಾದ ನನಗೆ ಇದು ತೀರಾ ಪರಿಚಯದ ವಿಷಯ. ಹಾಗಾಗಿ ಈ ಕಂತು ಪೂರ್ತಿ ಇದಕ್ಕೇ ಇರಲಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 15 ತುಂಬಿದೆ. ಎಸ್ಸೆಸ್ಸೆಲ್ಸಿ ಬರೆದಿದ್ದಾನೆ. ಸುಮ್ನೆ ಮನೆಯಲ್ಲಿ ಕೂರುವ ಬದಲು ಮೊಬೈಲ್ ಅಂಗಡಿ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾನೆ. ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಇರಬೇಕಂತೆ. ಕಾನೂನಿನಲ್ಲಿ ಅವಕಾಶ ಇದೆಯಾ?

ಉತ್ತರ: ಕೆಲಸಕ್ಕೆ ಅವಕಾಶ ಇದೆ ಅಮ್ಮ. ಆ ವೇಳೆಗೆ ಇಲ್ಲ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಈಗ ಅದರಲ್ಲಿ ಎರಡು ಗುಂಪು. 14 ತುಂಬದವರು ಮಕ್ಕಳು. 14 ತುಂಬಿ 18 ಆಗದವರು ಕಿಶೋರರು. ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. ಇದಕ್ಕಿರುವುದು ಎರಡೇ ವಿನಾಯಿತಿ, ಅವು ಮುಂದಿನ ಪತ್ರಗಳಲ್ಲಿ ಬರುತ್ತವೆ. ಕಿಶೋರರು ದುಡಿಯಬಹುದು, ಆದರೆ ಅಪಾಯದ ಕೆಲಸ ಬೇಡ. ಗಣಿ, ಸ್ಫೋಟಕ, ಬೇಗ ಬೆಂಕಿ ಹಿಡಿಯುವ ವಸ್ತು, ಅಪಾಯಕಾರಿ ಅಂತ ಪಟ್ಟಿಯಲ್ಲಿರುವ ಕಾರ್ಖಾನೆ ಕೆಲಸಗಳು ಅವರಿಗೆ ನಿಷಿದ್ಧ.

ಮೊಬೈಲ್ ಅಂಗಡಿ ಆ ಪಟ್ಟಿಗೆ ಬರುವುದಿಲ್ಲ. ತಕರಾರು ಇರುವುದು ಗಡಿಯಾರದ್ದು. ಕಿಶೋರರಿಂದ ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸ ಮಾಡಿಸುವ ಹಾಗಿಲ್ಲ. ಒಂದೇ ಸಮನೆ 3 ಗಂಟೆಗಿಂತ ಜಾಸ್ತಿ ಮಾಡಿಸುವ ಹಾಗಿಲ್ಲ, ಅಷ್ಟಾದ ಮೇಲೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು. ಬಿಡುವನ್ನೂ ಸೇರಿಸಿ ದಿನದ ಒಟ್ಟು ಅವಧಿ 6 ಗಂಟೆ ದಾಟಬಾರದು. ಓವರ್‌ಟೈಮ್ ಕೂಡದು. ಇಲ್ಲಿ ಮುಗಿಸಿ ಅದೇ ದಿನ ಇನ್ನೊಂದು ಕಡೆ ದುಡಿಯುವುದೂ ಕೂಡದು. ನಿಮ್ಮ ಮಾಲೀಕರು ಹೇಳಿದ ವೇಳೆ ಇದರಲ್ಲಿ ಎಲ್ಲಿ ಹೊಂದುತ್ತದೆ ಹೇಳಿ?

ಅವರು ಏನು ಹೇಳುತ್ತಾರೆ ಅನ್ನುವುದೂ ನನಗೆ ಗೊತ್ತು. "ಮಧ್ಯಾಹ್ನ ಗಿರಾಕಿನೇ ಇರಲ್ಲ, ಹುಡುಗ ಫೋನ್ ನೋಡ್ಕೊಂಡು ಕೂತಿರ್ತಾನೆ, ಅದೇನು ಕೆಲಸವಾ?" ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಕಾಯ್ದೆ ಬರೆದವರೂ ಕೇಳಿದ್ದರು ಅನ್ನಿಸುತ್ತದೆ. ಕೆಲಸಕ್ಕಾಗಿ ಕಾಯುತ್ತಾ ಕೂತ ಹೊತ್ತೂ ಆ 6 ಗಂಟೆಯೊಳಗೇ ಸೇರಬೇಕು ಅಂತ ಅದರಲ್ಲೇ ಬರೆದಿದೆ.

ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಬೇಕು. ಅದು ಯಾವ ದಿನ ಅಂತ ಎಲ್ಲರಿಗೂ ಕಾಣುವ ಹಾಗೆ ಅಂಗಡಿಯಲ್ಲಿ ಬರೆದು ಹಾಕಬೇಕು. "ಈ ವಾರ ಬೇಡ, ಮುಂದಿನ ವಾರ ತಗೋ" ಅನ್ನುವುದು ನಡೆಯದು, ಆ ದಿನವನ್ನು 3 ತಿಂಗಳಲ್ಲಿ ಒಂದು ಸಲಕ್ಕಿಂತ ಹೆಚ್ಚು ಬದಲಾಯಿಸುವ ಹಾಗಿಲ್ಲ. ಹುಡುಗನನ್ನು ಸೇರಿಸಿಕೊಂಡ 30 ದಿನದೊಳಗೆ ನಿರೀಕ್ಷಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ರಿಜಿಸ್ಟರ್ ಇಡಬೇಕು. ಇಷ್ಟನ್ನೂ ಮಾಲೀಕರ ಮುಂದೆ ನಿಧಾನವಾಗಿ ಹೇಳಿ ನೋಡಿ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ, ಮಧ್ಯೆ ಒಂದು ಗಂಟೆ ಊಟಕ್ಕೆ ಬಿಡುವು ಅಂತ ಒಪ್ಪಿದರೆ ಕಳಿಸಿ. ಮುಖ ಗಂಟು ಹಾಕಿದರೆ ಬೇರೆ ಅಂಗಡಿ ನೋಡಿ.

ಪ್ರಶ್ನೆ: ನಾವು ಚಿಕ್ಕವರಿದ್ದಾಗ ಶಾಲೆ ಬಿಟ್ಟ ಕೂಡಲೇ ಮನೆಯವರ ಜೊತೆ ಕೈ ಜೋಡಿಸುತ್ತಿದ್ದೆವು. ಈಗ 12 ವರ್ಷದ ಮೊಮ್ಮಗನಿಗೆ ನಮ್ಮದೇ ಅಂಗಡಿಯಲ್ಲಿ ಸಾಮಾನು ಕಟ್ಟು ಅಂದರೂ ಅಪರಾಧವಂತೆ. ಇದೆಂಥ ಕಾನೂನು?

ಉತ್ತರ: ಯಾರೋ ನಿಮಗೆ ಅರ್ಧ ಹೇಳಿದ್ದಾರೆ ಯಜಮಾನರೇ. ಮನೆಯವರ ಕಸುಬಿಗೆ ಮಗು ನೆರವಾಗಬಹುದು, ಅದೇ ಮೊದಲನೆಯ ವಿನಾಯಿತಿ. ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯವಿಲ್ಲದ ಕೆಲಸ. ಸಂಜೆ 7ರ ಮೇಲೆ ಬೇಡ. ಓದು ಕೆಡಬಾರದು.

'ಮನೆಯವರು' ಯಾರು ಅಂತಲೂ ಕಾಯ್ದೆ ಎಣಿಸಿ ಹೇಳಿದೆ. ಮಗುವಿನ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಅಪ್ಪನ ಒಡಹುಟ್ಟಿದವರು, ಅಮ್ಮನ ಒಡಹುಟ್ಟಿದವರು. ಸೋದರಮಾವ ಬರುತ್ತಾನೆ, ಅಕ್ಕನ ಗಂಡ ಬರುವುದಿಲ್ಲ. ತಪಾಸಣೆಗೆ ಹೋದಾಗ ಅಂಗಡಿ ಹುಡುಗರೆಲ್ಲ ಇದ್ದಕ್ಕಿದ್ದ ಹಾಗೆ ಮಾಲೀಕನ ಅಕ್ಕನ ಮಕ್ಕಳಾಗಿಬಿಡುತ್ತಿದ್ದರು! "ನಿಮ್ಮಮ್ಮನ ಹೆಸರೇನಪ್ಪ?" ಅಂತ ಹುಡುಗನನ್ನು ಕೇಳುತ್ತಿದ್ದೆ, ಆಮೇಲೆ "ನಿಮ್ಮಕ್ಕನ ಹೆಸರೇನು ಸ್ವಾಮಿ?" ಅಂತ ಮಾಲೀಕನನ್ನು. ಎರಡು ಹೆಸರು ಕೂಡಿ ಬರುವುದು ಅಪರೂಪ.

ಇನ್ನು ನಿಮ್ಮ ವಿಷಯ. ಆ ಪಟ್ಟಿಯಲ್ಲಿ ಅಜ್ಜ ಅಜ್ಜಿ ಇಲ್ಲ. ಇದು ನನಗೂ ವಿಚಿತ್ರ ಅನ್ನಿಸುತ್ತದೆ. ಆದರೆ ಅಂಗಡಿ ಹುಡುಗನ ಅಪ್ಪನದೂ ಹೌದು ಅನ್ನುವುದಾದರೆ ತೊಂದರೆಯಿಲ್ಲ, ಅಲ್ವಾ?

ಪ್ರಶ್ನೆ: ನಮ್ಮ ಪರಿಚಯದವರ ಮನೆಯಲ್ಲಿ 11–12 ವರ್ಷದ ಹುಡುಗಿ ಇದ್ದಾಳೆ. ಪಾತ್ರೆ ತೊಳೆಯುತ್ತಾಳೆ, ಮಗು ನೋಡಿಕೊಳ್ಳುತ್ತಾಳೆ. "ಓದಿಸ್ತೀವಿ ಅಂತ ಕರ್ಕೊಂಡು ಬಂದಿದೀವಿ" ಅನ್ನುತ್ತಾರೆ. ದೂರು ಕೊಟ್ಟರೆ ಅವಳ ಬಡ ತಂದೆತಾಯಿ ಜೈಲಿಗೆ ಹೋಗುತ್ತಾರಾ?

ಉತ್ತರ: ಇಲ್ಲ. ಮೊದಲ ಸಲದ ತಪ್ಪಿಗೆ ತಂದೆತಾಯಿಗೆ ಶಿಕ್ಷೆ ಇಲ್ಲ. ಮತ್ತೆ ಕಳಿಸಿದರೆ 10,000 ರೂಪಾಯಿವರೆಗೆ ದಂಡ, ಜೈಲಿಲ್ಲ. ಕೆಲಸಕ್ಕೆ ಇಟ್ಟುಕೊಂಡವರಿಗೆ ಮಾತ್ರ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ.

ಮನೆಗೆಲಸಕ್ಕೆ ಮಕ್ಕಳನ್ನು ಇಟ್ಟುಕೊಳ್ಳುವುದು ನಿಷೇಧವಾಗಿದ್ದು ನಿನ್ನೆ ಮೊನ್ನೆಯಲ್ಲ, 2006ರ ಅಕ್ಟೋಬರ್‌ನಲ್ಲಿ. ಓದಿಸುತ್ತೇವೆ ಅನ್ನುವವರ ಮನೆಯಲ್ಲಿ ಹುಡುಗಿ ಯಾವ ಶಾಲೆಗೆ, ಯಾವ ತರಗತಿಗೆ ಹೋಗುತ್ತಾಳೆ ಅಂತ ಒಮ್ಮೆ ಕೇಳಿ. ನಿಜವಾಗಿ ಹೋಗುತ್ತಿದ್ದರೂ ಪಾತ್ರೆ ತೊಳೆಸುವುದು ತಪ್ಪೇ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಎತ್ತುತ್ತಾರೆ. ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರುತ್ತಾರೆ. ವಸೂಲಾದ ದಂಡ ಪುನರ್ವಸತಿ ನಿಧಿಗೆ ಹೋಗುತ್ತದೆ, ಅದಕ್ಕೆ ಸರ್ಕಾರ 15,000 ರೂಪಾಯಿ ಸೇರಿಸುತ್ತದೆ. ಆ ಹಣ ಹುಡುಗಿಯದು. ಪರಿಚಯದವರ ಜೊತೆ ನಿಷ್ಠುರವಾಗುವ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತಿದೆ. ಆಗಲಿ ಬಿಡಿ.

ಪ್ರಶ್ನೆ: ಮಗಳಿಗೆ 9 ವರ್ಷ. ಧಾರಾವಾಹಿಯಲ್ಲಿ ಪಾತ್ರ ಸಿಕ್ಕಿದೆ. ಇದೂ ಬಾಲಕಾರ್ಮಿಕತನವಾ?

ಉತ್ತರ: ಇದು ಎರಡನೆಯ ವಿನಾಯಿತಿ. ಸರ್ಕಸ್ ಬಿಟ್ಟು ನಟನೆ, ಜಾಹೀರಾತಿಗೆ ಅವಕಾಶ ಇದೆ. ನಿರ್ಮಾಪಕರು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆ ಮೀರಬಾರದು. ಸತತವಾಗಿ 27 ದಿನಕ್ಕಿಂತ ಜಾಸ್ತಿ ಕೂಡದು. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗಳ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಅದನ್ನು ನೀವು ಮುಟ್ಟುವ ಹಾಗಿಲ್ಲ, 18 ತುಂಬಿದ ಮೇಲೆ ಅವಳೇ ತೆಗೆದುಕೊಳ್ಳುತ್ತಾಳೆ. ಮಗುವಿಗೆ ಇಷ್ಟವಿಲ್ಲದೆ ಮಾಡಿಸಬಾರದು ಅಂತಲೂ ನಿಯಮದಲ್ಲಿದೆ. ಸಹಿ ಹಾಕುವ ಮುಂಚೆ ಅವಳನ್ನು ಕೇಳಿದಿರಾ? ಪತ್ರದಲ್ಲಿ ಆ ವಿಷಯವೇ ಇಲ್ಲ.