ಗೊಂಬೆ ಇರುವಾಗ ನಟಿಸುವ ರೋಗಿ ಯಾಕೆ?

ನರ್ಸ್‌ಗಳ ಎಮರ್ಜೆನ್ಸಿ ತರಬೇತಿಗೆ ಗೊಂಬೆ ಇದೆಯಲ್ಲ, ಮತ್ತೆ ಮನುಷ್ಯರನ್ನೇ ರೋಗಿ ಥರ ಮಲಗಿಸಿ ಯಾಕೆ ಕಲಿಸಬೇಕು ಅಂತ ಕೇಳಿದ್ದೀರಿ. ನಾನು ರಾಯಚೂರಿನಲ್ಲಿ ಕ್ಯಾಶುವಾಲ್ಟಿ ನರ್ಸ್, ಹೊಸಬರಿಗೆ ಕಲಿಸುವ ಕೆಲಸವೂ ನನ್ನದೇ. ಎರಡೂ ಬೇಕು.

ಸಿಪಿಆರ್‌ಗೆ, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವ ಕೆಲಸಕ್ಕೆ, ಗೊಂಬೆಯೇ ಸರಿ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ ಎದೆ ಒತ್ತಬೇಕು. ಚೆನ್ನಾಗಿರುವ ಮನುಷ್ಯನ ಮೇಲೆ ಹಾಗೆ ಒತ್ತಲು ಆಗುತ್ತದಾ?

ಆದರೆ ಗೊಂಬೆ ಮಾತಾಡುವುದಿಲ್ಲ, ಗೊಂಬೆಯ ತಾಯಿ ಅಳುವುದೂ ಇಲ್ಲ. ನಮ್ಮದು ಭತ್ತ, ಹತ್ತಿ ಬೆಳೆಯುವ ಸೀಮೆ. ಸಿಂಧನೂರು, ಮಾನ್ವಿ ಕಡೆಯಿಂದ ಕೀಟನಾಶಕ ಕುಡಿದವರನ್ನು ಹೊತ್ತು ತರುತ್ತಾರೆ, ಜೊತೆಗೆ ಬಂದವರು ಹೇಳುವುದು ಇಷ್ಟೇ: "ಎಣ್ಣಿ ಕುಡ್ದಾನ್ರೀ." ಇಲ್ಲಿ ಎಣ್ಣೆ ಅಂದರೆ ಹೊಲಕ್ಕೆ ಹೊಡೆಯುವ ಔಷಧಿ. ಒಂದು ಸಲ ನಮ್ಮ ಆಯಾ ಒಬ್ಬರು ತಾಯಿಯ ಪಾತ್ರ ಮಾಡಿ ಅದೇ ಮಾತು ಹೇಳಿದರು, ದಕ್ಷಿಣದ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಹುಡುಗಿ ಕುಡಿತದ ಕೇಸು ಅಂದುಕೊಂಡು ಹಾಗೇ ಬರೆದುಬಿಟ್ಟಳು. ಇಂಥ ವಿಷ ಏರಿದರೆ ಸಣ್ಣಗಾಗುವ ಕಣ್ಣಿನ ಪಾಪೆ ನೋಡಲಿಲ್ಲ, ಜೊಲ್ಲು ಸುರಿಯುತ್ತಿದೆಯಾ ಅಂತಲೂ ಕೇಳಲಿಲ್ಲ. ಇಂಥ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್, ಅದರ ಮಾತೇ ಬರಲಿಲ್ಲ. ನಿಜವಾದ ಕೇಸಾಗಿದ್ದರೆ ಜೀವ ಹೋಗುತ್ತಿತ್ತು. ಇಂಥ ತಪ್ಪು ಯಾವ ಗೊಂಬೆ ಮುಂದೆಯೂ ಹೊರಗೆ ಬರುವುದಿಲ್ಲ.

ನಟಿಸುವವರು ಬೇಕಂತಲೇ ಪಾಪೆ ಸಣ್ಣ ಮಾಡಲಾರರು, ಅಲ್ವಾ? ಅದಕ್ಕೆ ಚೀಟಿ ಇಟ್ಟುಕೊಳ್ಳುತ್ತೇವೆ. ಟಾರ್ಚ್ ಹಾಕಿ ನೋಡಿದರೆ "ಪಾಪೆ ಸೂಜಿಮೊನೆಯಷ್ಟು" ಅನ್ನುವ ಚೀಟಿ, ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ "ಗೊರಗೊರ ಸದ್ದು" ಅನ್ನುವ ಚೀಟಿ. ನೋಡದವರಿಗೆ ಏನೂ ಸಿಗುವುದಿಲ್ಲ. ಗ್ಲೌಸ್ ಹಾಕದೆ ಬಟ್ಟೆ ಬಿಚ್ಚಲು ಹೋದರೆ ಅಲ್ಲೇ ನಿಲ್ಲಿಸುತ್ತೇವೆ, ಯಾಕಂದ್ರೆ ಆ ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಈ ಪದ್ಧತಿ ಹೊಸದೇನಲ್ಲ, ಅಮೆರಿಕದ ವೈದ್ಯ ಹೋವರ್ಡ್ ಬ್ಯಾರೋಸ್ 1963ರಲ್ಲೇ ಶುರು ಮಾಡಿದ್ದು.

ಮುಗಿದ ಮೇಲೆ ಕೂತು ಮಾತಾಡುವುದನ್ನು ಮಾತ್ರ ಬಿಡಬೇಡಿ. ಹತ್ತು ನಿಮಿಷ ಆಟ ಆದರೆ ಇಪ್ಪತ್ತು ನಿಮಿಷ ಮಾತು. ಬೈಯಬಾರದು. ಆ ಹುಡುಗಿ ಈಗ ಮೊದಲು ಕೇಳುವುದೇ "ಯಾವ ಎಣ್ಣೆ? ಡಬ್ಬಿ ತಂದೀರಾ?" ಅಂತ.

ಇನ್ನೊಂದು, ಮನೆಯಲ್ಲಿ ಹೀಗೆ ಯಾರನ್ನಾದರೂ ಕಳೆದುಕೊಂಡವರಿಗೆ ಪಾತ್ರ ಕೊಡಬೇಡಿ. ಒಮ್ಮೆ ನಾನು ಕೇಳದೆ ಕೊಟ್ಟಿದ್ದೆ. ಆಟ ಮುಗಿದರೂ ಆ ತಾಯಿ ಅಳು ನಿಲ್ಲಿಸಲಿಲ್ಲ. ಈಗ ಮೊದಲೇ, ಪಕ್ಕಕ್ಕೆ ಕರೆದು ಕೇಳುತ್ತೇನೆ.